ಅರವತ್ತೆರಡು ಮಂದಿಯ ತೃಪ್ತಿ

ಬೆಳಿಗ್ಗೆ ಒಂಬತ್ತೂ ಹತ್ತು. ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲಿ ಎಚ್‌ಆರ್ ಸಹಾಯಕ ಲಕ್ಷಿತನ ಮೇಜಿಗೆ ಅರವತ್ತೆರಡು ಫಾರ್ಮ್‌ಗಳು ಬಂದವು. ಎಲ್ಲದರಲ್ಲೂ ಕೆಲಸದ ತೃಪ್ತಿ ಐದಕ್ಕೆ ಐದು.

ಫಾರ್ಮ್‌ಗಳನ್ನು ಹಂಚಿದ್ದು ಕಾಪುವಿನಿಂದ ಬರುವ ಕಂಪನಿ ಬಸ್ಸಿನಲ್ಲಿ. ಶಿರ್ವ ದಾಟುವಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಗುಣವತಿ ಎಲ್ಲರದ್ದನ್ನೂ ತಾನೇ ತುಂಬಿಸಿ ಮುಗಿಸಿದ್ದಳು.

ಯಾವ ಸೌಲಭ್ಯದಿಂದ ತೃಪ್ತಿ ಎಷ್ಟು ಏರುತ್ತದೆ ಎಂದು ರಿಗ್ರೆಷನ್ ವಿಶ್ಲೇಷಣೆ ಮಾಡಿ ನಾಲ್ಕು ಗಂಟೆಯೊಳಗೆ ಕೊಡಬೇಕೆಂದು ಮ್ಯಾನೇಜರ್ ಅಲೆಕ್ಸಾಂಡರ್ ಹೇಳಿದ್ದರು. ವರದಿ ಸರಿಯಾದರೆ, ಮೂರು ವರ್ಷದಿಂದ ಗುತ್ತಿಗೆಯಲ್ಲಿರುವ ಲಕ್ಷಿತನಿಗೆ ಖಾಯಂ ಆದೇಶ. ಆದರೆ ಎಲ್ಲರ ಅಂಕವೂ ಒಂದೇ ಆದರೆ ಅಳೆಯುವುದೇನನ್ನು? ಕಂಪ್ಯೂಟರಿನ ನಕ್ಷೆಯಲ್ಲಿ ತೃಪ್ತಿಯ ಗೆರೆ ಬಿಸಿಲಿಗೆ ಹಾಕಿದ ಬಂಗುಡೆ ಮೀನಿನಂತೆ ಅಲುಗಾಡದೆ ಮಲಗಿತ್ತು.

ಅವನು ಪ್ಯಾಕಿಂಗ್ ವಿಭಾಗಕ್ಕೆ ಓಡಿ ಕಷ್ಟ ಹೇಳಿಕೊಂಡ.

"ಕಡಿಮೆ ಅಂಕವೂ ಬೇಕು ಅಂತ ಮೊದಲೇ ಹೇಳಬಾರದಾ ಮಾರಾಯ?" ಎಂದಳು ಗುಣವತಿ. "ಬೇಜಾರಿನವರು ಎಷ್ಟು ಜನ ಬೇಕು?"

ನಿಜವಾಗಿ ಅನಿಸಿದ್ದನ್ನು ಬರೆಯಿರಿ ಎಂದ ಲಕ್ಷಿತ್. ಆ ಸಲಹೆ ಯಾರಿಗೂ ಹಿಡಿಸಲಿಲ್ಲ.

ಹಿರಿಯಳಾದ ವಿಲ್ಮಾ ತೀರ್ಪು ಕೊಟ್ಟಳು: "ಗುತ್ತಿಗೆಯವರದ್ದು ಮುಟ್ಟುವುದು ಬೇಡ. ಪಾಪ, ಬರುವ ತಿಂಗಳು ಅವರದ್ದು ನವೀಕರಣ ಉಂಟು. ನಾವು ಖಾಯಂನವರು ಇಳಿಸುವ. ನಮ್ಮನ್ನು ಎಂತ ಮಾಡ್ಲಿಕ್ಕೆ ಆಗ್ತದೆ?"

ಊಟದ ಹೊತ್ತಿಗೆ ಮೂವತ್ತೊಂದು ಖಾಯಂ ನೌಕರರು ಅತೃಪ್ತರಾದರು. ಗುಣವತಿ ಒಂದೇ ಅಂಕ ಕೊಟ್ಟಳು. ಎಸ್ತರ್‌ಗೆ ಮಾತ್ರ, ಕ್ಯಾಂಟೀನಿನ ಚಹಾ ನೆನಪಾಗಿ, ಮೂರಕ್ಕಿಂತ ಕೆಳಗಿಳಿಯಲು ಮನಸ್ಸು ಬರಲಿಲ್ಲ.

ಮೂರೂವರೆಗೆ ಗೆರೆ ಬಂತು, ಚೆನ್ನಾಗಿ ಓರೆಯಾಗಿ. ಗೆರೆ ಬಂದ ಸಂತೋಷದಲ್ಲಿ ಲಕ್ಷಿತ್ ಅದು ಏರುತ್ತದೋ ಇಳಿಯುತ್ತದೋ ಎಂದು ನೋಡಲಿಲ್ಲ. ಅಲೆಕ್ಸಾಂಡರ್ ನೋಡಿದರು. ಬಸ್ಸು, ಊಟ ಎರಡೇ ಇರುವ ಗುತ್ತಿಗೆಯವರು ಪೂರ್ಣ ತೃಪ್ತರು. ವಿಮೆ, ರಜೆ, ಮಕ್ಕಳ ಫೀಸು ಎಲ್ಲ ಸೇರಿ ಎಂಟು ಸೌಲಭ್ಯ ಪಡೆದ ಖಾಯಂನವರಿಗೆ ಸರಾಸರಿ ಎರಡು ಅಂಕ. ಒಂದು ಸೌಲಭ್ಯ ಹೆಚ್ಚಿದರೆ ತೃಪ್ತಿ ಅರ್ಧ ಅಂಕ ಇಳಿಯುತ್ತದೆ.

"ನಿನ್ನದೆಷ್ಟು?" ಎಂದು ಕೇಳಿದರು.

"ಐದು, ಸರ್."

ಅಲೆಕ್ಸಾಂಡರ್ ಡ್ರಾಯರಿನಿಂದ ಖಾಯಂ ಆದೇಶ ತೆಗೆದು, ಒಮ್ಮೆ ಓದಿ, ಹರಿದರು. "ಇಷ್ಟು ಸಂತೋಷವಾಗಿರುವವನನ್ನು ನಾನು ಹಾಳು ಮಾಡುವುದಿಲ್ಲ. ವರದಿ ಒಳ್ಳೆಯದುಂಟು."

ಅಂಕಗಳು ಇಳಿದದ್ದು ಹೇಗೆಂದು ಹೇಳಿದರೆ ಇರುವ ಕೆಲಸವೂ ಉಳಿಯುತ್ತಿರಲಿಲ್ಲ. ಲಕ್ಷಿತ್ ಥ್ಯಾಂಕ್ಸ್ ಹೇಳಿ ಹೊರಬಂದ.

ಬರುವ ತಿಂಗಳವರೆಗೂ ಕಾಯದೆ, ಮರುದಿನವೇ ಅವನ ಗುತ್ತಿಗೆ ಹನ್ನೊಂದು ತಿಂಗಳಿಗೆ ನವೀಕರಣವಾಯಿತು.