ದನದ ಹತ್ತಿರ ಬೀಗದ ಕೈ

ಹದಿನಾಲ್ಕು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳಿರದ ಸದ್ದೊಂದು ಆ ಸೋಮವಾರ ಬೆಳಿಗ್ಗೆ ಮುಕುಂದಯ್ಯ ಮೇಷ್ಟ್ರಿಗೆ ಅಡುಗೆಮನೆಯಿಂದ ಕೇಳಿಸಿತು. ಹೆಂಡತಿ ತುಂಗಮ್ಮ ನಗುತ್ತಿದ್ದರು. ಸೆರಗು ಬಾಯಿಗೆ ಅಡ್ಡ ಹಿಡಿದು ನಗುವ ಮರ್ಯಾದೆಯ ನಗೆಯಲ್ಲ. ಕಡುಬಿನ ಪಾತ್ರೆಯ ಮುಚ್ಚಳ ಕುಣಿಯುವಂಥ ನಗೆ. ಅದೂ ಒಬ್ಬರೇ ನಿಂತುಕೊಂಡು!

ಮೇಷ್ಟ್ರು ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿಬಂದರು. (ಹೊಸನಗರದಲ್ಲಿ ಅವರು ನಡೆದದ್ದನ್ನು ಕಂಡವರಿಲ್ಲ. ಹೈಸ್ಕೂಲಿನ ಗಂಟೆ ಹತ್ತೂವರೆಗೆ ಹೊಡೆದರೆ, ಈ ಲೆಕ್ಕದ ಮೇಷ್ಟ್ರು ಎಂಟೂವರೆಗೇ ಒಂದು ಚಪ್ಪಲಿ ಮೆಟ್ಟಿಕೊಂಡು ಇನ್ನೊಂದನ್ನು ಹುಡುಕುತ್ತ, ಹೊತ್ತಾಯಿತೆಂದು ಮನೆಯನ್ನೆಲ್ಲ ಎಬ್ಬಿಸುತ್ತಿದ್ದರು.)

"ಎಂತ ಆಯ್ತೇ ನಿಂಗೆ?"

"ಎಂತ ಇಲ್ಲ ರೀ. ನಿನ್ನೆ ಸಾಗರದಲ್ಲಿ ಅಕ್ಕನ ಜೊತೆ ಸಿನಿಮಾ ನೋಡಿದ್ನಲ್ಲ, ನೆನಪಾಯ್ತು."

ಇಬ್ಬರು ಗೆಳೆಯರು ಮದುವೆಗೆ ಹೊರಟು, ದಾರಿಯಲ್ಲಿ ಭಂಗಿ ಕುಡಿದು, ಎರಡು ಫರ್ಲಾಂಗು ದೂರದ ಮದುವೆಮನೆ ಸೇರಲು ಇಡೀ ಸಿನಿಮಾ ತೆಗೆದುಕೊಳ್ಳುವ ಕಥೆಯಂತೆ. ಬಯಲಿನ ನಡುವೆ ಒಂದು ಗೇಟು. ಎಡಕ್ಕೂ ಬೇಲಿಯಿಲ್ಲ, ಬಲಕ್ಕೂ ಬೇಲಿಯಿಲ್ಲ. ಆದರೆ ಗೇಟಿಗೆ ಬೀಗ. ಯಜಮಾನರು ಬರಲಿ ಎಂದು ಇಬ್ಬರೂ ಅದರ ಮುಂದೆ ಕೂತುಬಿಡುತ್ತಾರೆ.

"ಅಷ್ಟೊತ್ತಿಗೆ ಒಂದು ದನ ಬಂದು ಗೇಟಿನ ಪಕ್ಕದಿಂದ ಆಚೆ ಹೋಗ್ತದೆ. ಅದು ಹೆಂಗೆ ಹೋಯ್ತು ಅಂತ ಒಬ್ಬ ಕೇಳ್ತಾನೆ. ಇನ್ನೊಬ್ಬ ಅಂತಾನೆ, ಅದರ ಹತ್ರ ಬೀಗದ ಕೈ ಇರ್ಬೇಕು!" ತುಂಗಮ್ಮನಿಗೆ ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಯೋಚಿಸಿದರು. "ಬೇಲಿಯೇ ಇಲ್ದಿದ್ರೆ ಗೇಟು ಎಂತಕ್ಕೆ ಹಾಕಿದ್ರು?"

ನಗು ತಟ್ಟನೆ ಆರಿತು. "ಕಾಫಿ ಆರ್ತದೆ, ಕುಡೀರಿ" ಎಂದು ತುಂಗಮ್ಮ ಒಲೆಯ ಕಡೆ ತಿರುಗಿದರು.

ಆ ತಿರುಗುವಿಕೆ ಮೇಷ್ಟ್ರನ್ನು ಚುಚ್ಚಿತು. ಯಾರೋ ಇಬ್ಬರು ಭಂಗಿಕೋರರು ಎರಡೂವರೆ ಗಂಟೆಯಲ್ಲಿ ಮಾಡಿದ್ದನ್ನು ಬಿ.ಎಸ್‌ಸಿ., ಬಿ.ಎಡ್. ಆದ ತನಗೆ ಹದಿನಾಲ್ಕು ವರ್ಷದಲ್ಲಿ ಮಾಡಲಾಗಲಿಲ್ಲವೇ? ವಾರವಿಡೀ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ತರಗತಿಯಲ್ಲಿ ಆಯತ ಬರೆಯಲು ಹೋಗಿ ಗೇಟು ಬರೆದರು. ಶನಿವಾರ ತಡೆಯಲಾರದೆ ಕೇಳಿಯೇಬಿಟ್ಟರು:

"ಅದರಲ್ಲಿ ನಿಂಗೆ ಅಷ್ಟು ಹಿಡಿಸಿದ್ದು ಎಂತ?"

"ಅವರಿಗೆ ಚೂರೂ ಗಡಿಬಿಡಿ ಇಲ್ಲ ರೀ. ಒಂದು ದಾಸವಾಳ ಕಂಡ್ರೆ ಕಾಲು ಗಂಟೆ ನೋಡ್ತಾರೆ. ಹೊತ್ತಾಯ್ತು ಹೊತ್ತಾಯ್ತು ಅಂತ ಯಾರೂ ತಲೆ ಮೇಲೆ ಕೂರಲ್ಲ. ನೋಡ್ತಾ ನೋಡ್ತಾ ನನ್ನ ಹೆಗಲೇ ಹಗುರಾಯ್ತು."

ಪಾಪ, ಇವಳ ತಲೆಯ ಮೇಲೆ ಹಾಗೆ ಕೂರುವವರು ಯಾರಿರಬಹುದು ಎಂದು ಮೇಷ್ಟ್ರು ಗಡಿಯಾರ ನೋಡಿಕೊಳ್ಳುತ್ತ ಯೋಚಿಸಿದರು. (ಹೊಳೆಯಲಿಲ್ಲ.)

ಭಾನುವಾರ, ಶಾಲೆಗೆ ದೊಡ್ಡ ಕೈವಾರ ತರಬೇಕೆಂದು ಸುಳ್ಳು ಹೇಳಿ ಸಾಗರದ ಬಸ್ಸು ಹತ್ತಿದರು. ಮ್ಯಾಟನಿಯಲ್ಲಿ ನೋಟ್‌ಬುಕ್ ಹಿಡಿದು ಕೂತು, ಜನ ನಕ್ಕಲ್ಲೆಲ್ಲ ಕತ್ತಲಲ್ಲೇ ಗೀಟು ಹಾಕಿದರು. ಗೇಟು ಬಂತು. ಇಬ್ಬರೂ ಕೂತರು. ಒಂದು ನಿಮಿಷವಾಯಿತು. ಎರಡಾಯಿತು. ಮೇಷ್ಟ್ರ ಕಾಲು ತಾನೇ ತಾನಾಗಿ ನೆಲ ಬಡಿಯತೊಡಗಿತು. ಕೊನೆಗೆ ಎದ್ದು ನಿಂತು, ಹಿಂದಿನ ಬೆಂಚಿನ ಹುಡುಗರನ್ನು ಗದರಿಸುವ ದನಿಯಲ್ಲಿ ಕೂಗಿದರು:

"ಪಕ್ಕದಲ್ಲಿ ಹೋಗ್ರೋ! ಮದುವೆಗೆ ಹೊತ್ತಾಯ್ತು!"

ಟಾಕೀಸು ಸೂರು ಹಾರುವಂತೆ ನಕ್ಕಿತು. ಪಕ್ಕದ ದಪ್ಪ ಮನುಷ್ಯ ಅವರ ಬೆನ್ನಿಗೊಂದು ಗುದ್ದಿ, "ಭಾರಿ ಮಾಡಿದ್ರಿ ಮಾರಾಯ್ರೆ, ಇನ್ನೊಂದ್ಸಲ ಕೂಗಿ!" ಎಂದ.

ವಾಪಸು ಬಸ್ಸಿನಲ್ಲಿ ಮೇಷ್ಟ್ರು ಒಂದು ಮಹಾನಿರ್ಣಯಕ್ಕೆ ಬಂದರು. ಪರರ ಅಮಲಿಗೇ ಅಷ್ಟು ನಗುವವಳು ಸ್ವಂತ ಗಂಡನ ಅಮಲಿಗೆ ಎಷ್ಟು ನಗಬೇಡ! ಹಾಗಂತ ಭಂಗಿ ಕುಡಿಯುವುದುಂಟೇ? (ಎಲೆ ಅಡಿಕೆಯನ್ನೂ ಮುಟ್ಟದ ಬಾಯಿ.) ನಟನೆ ಸಾಕು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ತುಂಗಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದರು. ಮೇಷ್ಟ್ರು ಹೋಗಿ, ತೆರೆದಿದ್ದ ಅಡುಗೆಮನೆಯ ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಕೈಕಾಲು ತೊಳೀರಿ, ಕಾಫಿ ಕೊಡ್ತೀನಿ."

"ಬಾಗಿಲಿಗೆ... ಬೀಗ ಹಾಕಿದೆ."

"ತೆಗೆದೇ ಉಂಟಲ್ರೀ!"

"ಬೀಗದ ಕೈ... ದನದ ಹತ್ರ ಇದೆ."

ಮಾತು ಹೋಗಲಿ ಎನ್ನಬಹುದಿತ್ತು. ಆದರೆ ಗಂಡ ಐದು ನಿಮಿಷ ಅಲ್ಲಾಡದೆ ಕೂತದ್ದನ್ನು ಕಂಡು ತುಂಗಮ್ಮ ಅಕ್ಕಿಯ ಮೊರ ಬಿಸಾಡಿ ಎದ್ದರು. ಹಿತ್ತಲಿಗೆ ಓಡಿ ಕೂಗಿಕೊಂಡರು:

"ಸುಬ್ಬಯ್ಯಣ್ಣಾ, ಬೇಗ ಬನ್ನಿ! ಇವರು ಸುಮ್ಮನೆ ಕೂತ್ಬಿಟ್ಟಿದಾರೆ!"

ಪಕ್ಕದ ಮನೆಯ ಸುಬ್ಬಯ್ಯ ಪ್ರತಿ ಶಿವರಾತ್ರಿಯಲ್ಲೂ ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿದವನು. ಮೇಷ್ಟ್ರ ಕಣ್ಣುರೆಪ್ಪೆ ಎತ್ತಿ ನೋಡಿ ತೀರ್ಪು ಕೊಟ್ಟ. "ಭಂಗಿ. ಸಾಗರದಲ್ಲಿ ಯಾರೋ ಕುಡ್ಸಿದಾರೆ ಅಮ್ಮಾ."

"ಅಯ್ಯೋ, ನಾನು ನಟನೆ ಮಾಡ್ತಿದ್ದೆ!"

"ಕುಡಿದವರೆಲ್ಲ ಹಂಗೇ ಹೇಳೋದು."

ಎರಡು ಕೊಡ ಬಾವಿಯ ನೀರು ಮೇಷ್ಟ್ರ ತಲೆಯ ಮೇಲೆ ಬಿತ್ತು. ಒಂದು ಚೊಂಬು ಹುಣಸೆಹುಳಿಯ ನೀರು ಹೊಟ್ಟೆಗೆ ಇಳಿಯಿತು. ತುಂಗಮ್ಮ ಅಳುತ್ತಳುತ್ತ ಮೂರನೆಯ ಕೊಡ ಎತ್ತಿದಾಗ ಮೇಷ್ಟ್ರು ಗರ್ಜಿಸಿದರು.

"ನಿಲ್ಸು! ನನ್ನ ತಲೆ ಸರಿ ಇದೆ. ಈಗಲೇ ಸಾಧಿಸಿ ತೋರಿಸ್ತೀನಿ!"

ಒಲೆಯಿಂದ ಆರಿದ ಇದ್ದಿಲೊಂದನ್ನು ಎಳೆದು, ಸುಣ್ಣದ ಗೋಡೆಯ ಮೇಲೆ ಗೇಟು ಬರೆದರು. ಪಕ್ಕದಲ್ಲಿ ನಾಲ್ಕು ಕಾಲಿನದೇನನ್ನೋ ಬರೆದರು.

"ದತ್ತ: ಅ ಆ ಒಂದು ಗೇಟು. ಇ ಒಂದು ದನ. ಸಾಧನೀಯ: ತುಂಗಮ್ಮ ನಗಬೇಕು. ಉಪಪತ್ತಿ: ದನಕ್ಕೆ ಜೇಬು ಇರುವುದಿಲ್ಲ. ಆದ್ದರಿಂದ ಬೀಗದ ಕೈ ಇಟ್ಟುಕೊಳ್ಳಲು ಸ್ಥಳವಿಲ್ಲ. ಆದರೂ ಇದೆ ಎಂದು ಭಾವಿಸಿದರೆ..."

ತುಂಗಮ್ಮನ ಕೈಯಿಂದ ಕೊಡ ಜಾರಿತು. ಅಳು ಎಲ್ಲಿ ಮುಗಿಯಿತೋ ನಗು ಎಲ್ಲಿ ಹುಟ್ಟಿತೋ ಗೊತ್ತಾಗಲಿಲ್ಲ. ಒದ್ದೆ ನೆಲದ ಮೇಲೇ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿನಿಮಾ ನೆನೆದು ನಕ್ಕದ್ದು ಇದರ ಮುಂದೆ ಬರೀ ಕೆಮ್ಮು.

"ತಡೀ ಮಾರಾಯ್ತಿ!" ಮೇಷ್ಟ್ರು ರೇಗಿದರು. "ನಗೋ ಜಾಗ ಇನ್ನೂ ಬಂದಿಲ್ಲ!"

ಸುಬ್ಬಯ್ಯ ಆಗಲೇ ಹಿತ್ತಲಿನಿಂದ ತನ್ನ ಮನೆಯ ಕಡೆಗೆ ಕೂಗುತ್ತಿದ್ದ. "ಅವ್ವಾ, ಎಲ್ರನ್ನೂ ಕರ್ಕೊಂಡು ಬಾರೇ! ಮೇಷ್ಟ್ರು ದನಕ್ಕೆ ಜೇಬು ಹುಡುಕ್ತಿದಾರೆ!"

ಹತ್ತು ನಿಮಿಷದಲ್ಲಿ ಅಕ್ಕಪಕ್ಕದವರೆಲ್ಲ ಜಮಾಯಿಸಿದರು. ಸುಬ್ಬಯ್ಯನ ತಾಯಿ, ಎಪ್ಪತ್ತರ ಕೆರಿಯಮ್ಮ, ಕೋಲೂರಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತರು. ತುಂಗಮ್ಮ ಕಣ್ಣೊರೆಸಿಕೊಳ್ಳುತ್ತ ಚಾಪೆ ಹಾಸಿದರು. "ಮೊದ್ಲಿಂದ ಹೇಳಿ ರೀ. ನಿಧಾನಕ್ಕೆ."

ಮೀಸೆಯಿಂದ ಹುಣಸೆನೀರು ತೊಟ್ಟಿಕ್ಕುತ್ತಿರಲು, ಮೇಷ್ಟ್ರು ಇದ್ದಿಲನ್ನು ಬೆತ್ತದಂತೆ ಎತ್ತಿ ಹಿಡಿದು ಸಭೆಯನ್ನೊಮ್ಮೆ ದುರುಗುಟ್ಟಿ ನೋಡಿದರು.

"ಮೊದಲನೆಯದಾಗಿ, ಇದು ನಗುವ ವಿಷಯ ಅಲ್ಲ!"

ಕೆರಿಯಮ್ಮ ಚಾಪೆಯ ಮೇಲೆ ಉರುಳಿಬಿದ್ದರು.