ರಾಥೌಸಿಗೆ ಲಿನಕ್ಸ್ ಹಾಕಿದ್ದು

ಇಂಥವು ನನಗೆ ವಾರಕ್ಕೊಂದಾದರೂ ಆಗುತ್ತಿರುತ್ತವೆ. ಆಗದ ವಾರ ಕಚೇರಿಗೆ ರಜೆ ಇದ್ದಿರುತ್ತದೆ.

ಫ್ರಾಂಕ್‌ಫರ್ಟ್‌ನಿಂದ ಎಸ್-ಬಾನ್ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಒಂದು ಸಣ್ಣ ಊರು. ಅಲ್ಲಿನ ರಾಥೌಸ್, ಅಂದರೆ ನಗರಸಭೆ ಕಚೇರಿ, ತನ್ನ ಕಂಪ್ಯೂಟರುಗಳಲ್ಲಿ ವಿಂಡೋಸ್ ಬಿಟ್ಟು, ದುಡ್ಡು ಕೇಳದ ಲಿನಕ್ಸ್‌ಗೆ ಬರಲು ತೀರ್ಮಾನಿಸಿತು. ಆ ಕೆಲಸಕ್ಕೆ ಸೇರಿದವರು ಇಬ್ಬರು: ಹುಬ್ಬಳ್ಳಿಯ ನಾನು, ಮೈಸೂರಿನ ಒಬ್ಬ ಗೆಳೆಯ.

ಮೊದಲ ಪ್ರಶ್ನೆ

ತರಬೇತಿಯ ದಿನ ಒಂದು ಗಂಟೆ ನಿಂತು ವಿವರಿಸಿದೆ. ವೈರಸ್ ಕಾಟ ಕಡಿಮೆ, ಲೈಸೆನ್ಸಿನ ಗೋಜಿಲ್ಲ, ಊರಿನ ಮಾಹಿತಿ ಊರಲ್ಲೇ ಇರುತ್ತದೆ ಎಂದೆಲ್ಲ. ಕೊನೆಗೆ, "ಪ್ರಶ್ನೆಗಳಿದ್ದರೆ ಕೇಳಿ" ಅಂದೆ. ಕಟ್ಟಡ ಪರವಾನಗಿ ವಿಭಾಗದ ಹಿರಿಯರೊಬ್ಬರು ಕೈ ಎತ್ತಿದರು.

"ಇದರಿಂದ ಫ್ಯಾಕ್ಸ್ ಹೋಗುತ್ತದೆಯೇ?"

"ಹೋಗುತ್ತದೆ."

ಇಡೀ ಸಭೆ ಮೇಜು ಕುಟ್ಟಿ ಮೆಚ್ಚುಗೆ ಸೂಚಿಸಿತು. ಇನ್ಯಾರಿಗೂ ಪ್ರಶ್ನೆ ಇರಲಿಲ್ಲ.

ಅಧಿಕಾರ

ಮೇಯರ್ ತಾವೇ ಒಂದು ಪ್ರಿಂಟರ್ ಜೋಡಿಸಲು ಹೋಗಿದ್ದರು. "ಇದನ್ನು ಮಾಡಲು ನಿಮಗೆ ಅಧಿಕಾರವಿಲ್ಲ" ಎಂದಿತು ಪರದೆ. ನನ್ನನ್ನು ಕರೆಸಿದರು.

"ನನ್ನನ್ನು ಈ ಊರು ಆರಿಸಿದೆ. ಅಧಿಕಾರವಿಲ್ಲ ಎನ್ನಲು ಇದು ಯಾರು?"

ಅದಕ್ಕೆ ಬೇಕಾದ ಪಾಸ್‌ವರ್ಡನ್ನು ಅವರಿಗೆ ಕೊಡಲು ನಿಯಮದಲ್ಲಿ ಜಾಗವಿಲ್ಲ. ಕೊಡುವುದಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ನಾನು ತಡವರಿಸುತ್ತಿದ್ದಾಗ ಅವರ ಕಾರ್ಯದರ್ಶಿ ಕಾಗದದಿಂದ ತಲೆ ಎತ್ತದೆಯೇ ಹೇಳಿದರು:

"ಹನ್ನೆರಡು ವರ್ಷದಿಂದ ನಾನೂ ಇದನ್ನೇ ಹೇಳುತ್ತಿದ್ದೇನೆ."

ತಪ್ಪೊಪ್ಪಿಗೆ

ವಿಳಾಸ ನೋಂದಣಿ ವಿಭಾಗದ ಮಹಿಳೆಯೊಬ್ಬರು, ನಾನು ಪರದೆಯ ಕಪ್ಪು ಕಿಟಕಿಯಲ್ಲಿ ಏನೋ ಆಜ್ಞೆ ಟೈಪ್ ಮಾಡಿದ್ದನ್ನು ನೋಡಿ ತಾವೂ ಟೈಪ್ ಮಾಡಿದರಂತೆ. "ನಿಮಗೆ ಅನುಮತಿಯಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು" ಎಂದು ಬಂತು. ಮರುದಿನ ಬೆಳಿಗ್ಗೆ ಸಹಿ ಹಾಕಿದ ತಪ್ಪೊಪ್ಪಿಗೆ ಪತ್ರದ ಮೂರು ಪ್ರತಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಪಾಪ ಅನಿಸಿತು.

"ಆ ವರದಿ ಬರುವುದು ನನಗೇ. ನಾನು ಅಳಿಸಿಬಿಡುತ್ತೇನೆ, ಚಿಂತೆ ಬಿಡಿ" ಅಂದೆ.

ಅವರ ಮುಖ ಗಂಭೀರವಾಯಿತು. "ಅಳಿಸುತ್ತೀರಾ? ಹಾಗಾದರೆ ನಾನು ಅದನ್ನೂ ವರದಿ ಮಾಡಬೇಕಾಗುತ್ತದೆ."

ಮೂರು ಪುಟದ ದೂರು

ಉದ್ಯಾನ ವಿಭಾಗದ ಮುಖ್ಯಸ್ಥರು ಮೂರು ಪುಟದ ದೂರು ಬರೆದರು. ಲಿನಕ್ಸ್ ಬಂದಾಗಿನಿಂದ ಕಂಪ್ಯೂಟರ್ ತೆವಳುತ್ತಿದೆ, ಕಣ್ಣು ಉರಿಯುತ್ತಿದೆ, ಬೆನ್ನೂ ನೋಯುತ್ತಿದೆ. ನಾವಿಬ್ಬರೂ ಇನ್ನೂ ಪ್ರೋಬೆಟ್ಸೈಟ್‌ನಲ್ಲಿದ್ದೆವು. ಆ ಆರು ತಿಂಗಳ ಪರೀಕ್ಷಾವಧಿಯಲ್ಲಿ ಕೆಲಸ ಹೋದರೆ ವೀಸಾಕ್ಕೂ ಕುತ್ತು. "ಶುಕ್ರವಾರದೊಳಗೆ ಅವರಿಗೆ ಸಮಾಧಾನವಾಗಬೇಕು" ಎಂದಷ್ಟೇ ಹೇಳಿದರು ನಮ್ಮ ಮೇಲಧಿಕಾರಿ. ಇಬ್ಬರೂ ಮುಖ್ಯಸ್ಥರ ಕೋಣೆಗೆ ಓಡಿದೆವು.

ಪರದೆ ನೋಡಿದ ಮೈಸೂರಿನವನು ನನ್ನ ತೋಳು ಹಿಡಿದ. "ಗುರು, ಇದು ವಿಂಡೋಸ್."

"ಹುಚ್ಚ ಹಿಡದದೇನ ನಿನಗ? ಛಲೋತಂಗ ನೋಡು."

"ನೀನೇ ನೋಡು. ಈ ಮಹಡಿಗೆ ನಾವಿನ್ನೂ ಕೈನೇ ಹಾಕಿಲ್ಲ. ಇವರ ಸರದಿ ಮುಂದಿನ ವಾರ."

ಮುಖ್ಯಸ್ಥರಿಗೆ ವಿಷಯ ತಿಳಿಸಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ವಿವರಣೆ ಬೇಡ. ಹಳೆಯದನ್ನೇ ಹಾಕಿಕೊಡಿ!"

"ಸುಮ್ನಿರು ಮಗಾ" ಎಂದ ಗೆಳೆಯ ಕನ್ನಡದಲ್ಲಿ.

ಕಂಪ್ಯೂಟರ್ ಎತ್ತಿಕೊಂಡು ಬಂದೆವು. ಲಿನಕ್ಸ್ ಹಾಕಿದೆವು. ಐಕಾನುಗಳನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ಅವರ ಗುಲಾಬಿ ತೋಟದ ಚಿತ್ರವನ್ನೇ ಹಿಂದೆ ಇಟ್ಟು ಮರಳಿಸಿದೆವು. ನಾಲ್ಕು ಕಡೆ ಒತ್ತಿ ನೋಡಿದ ಅವರ ಮುಖ ಅರಳಿತು.

"ನೋಡಿದಿರಾ? ಇದಪ್ಪ ಕಂಪ್ಯೂಟರ್ ಅಂದರೆ!"

ತಿಂಗಳ ನಂತರ ಇಬ್ಬರ ಕೆಲಸವೂ ಕಾಯಂ ಆಯಿತು. ಕಡತದಲ್ಲಿದ್ದ ಉದ್ಯಾನ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರವನ್ನು ಮೇಲಧಿಕಾರಿ ನಗು ತಡೆಯುತ್ತ ಓದಿ ಹೇಳಿದರು: "ಲಿನಕ್ಸ್ ಎಂಬ ಪೀಡೆಯನ್ನು ಬೇರುಸಮೇತ ಕಿತ್ತುಹಾಕಬಲ್ಲವರು ಈ ಕಚೇರಿಯಲ್ಲಿ ಇವರಿಬ್ಬರೇ."