ಕುರ್ಚಿಯ ಹಸಿವು

ಮಕ್ಕಳ ಪುಸ್ತಕ ಅನುಮೋದನಾ ಮಂಡಳಿಯ ನಿಯಮದಂತೆ, ವಿಜ್ಞಾನದ ಪುಸ್ತಕದಲ್ಲಿ ನಗುವಿಗೆ ಅವಕಾಶವಿದೆ. ಆದರೆ ಆ ನಗು ಮಂಡಳಿಯ ಯಾವುದೇ ಸದಸ್ಯರಿಗೆ ಸಂಬಂಧಪಟ್ಟಿರಬಾರದು.

ಮಕ್ಕಳನ್ನು ನಗಿಸಿ ನಗಿಸಿ ವಿಜ್ಞಾನ ಹೇಳುವ ಪುಸ್ತಕಗಳನ್ನು ಬರೆಯುತ್ತಿದ್ದ ನಗೆಮೇಷ್ಟ್ರಿಗೆ ಈ ನಿಯಮ ಗೊತ್ತಿರಲಿಲ್ಲ. ಅವರ ಹೊಸ ಪುಸ್ತಕದಲ್ಲಿ, ಹಸಿದ ಹೊಟ್ಟೆ ಯಾಕೆ ಗುರುಗುಟ್ಟುತ್ತದೆ ಎಂಬ ಪಾಠವಿತ್ತು. ಅದರ ಕೊನೆಯ ಸಾಲು ಮೊಮ್ಮಗಳದು: "ಹೊಟ್ಟೆಗೆ ಬಾಯಿಲ್ಲ, ಆದ್ರೂ ಬಾಯಿಗಿಂತ ಮೊದಲು ಊಟ ಕೇಳತ್ತೆ." ತನ್ನ ಸಾಲು ಪುಸ್ತಕದಲ್ಲಿ ಬರುತ್ತದೆಂದು ಅವಳು ಆಗಲೇ ಇಡೀ ತರಗತಿಗೆ ಡಂಗುರ ಸಾರಿದ್ದಳು. ಮಂಡಳಿ ಒಪ್ಪದಿದ್ದರೆ ಪುಸ್ತಕ ಯಾವ ಶಾಲೆಗೂ ಹೋಗುವಂತಿರಲಿಲ್ಲ.

ವಿಚಾರಣೆಯನ್ನು ಊಟದ ಬಿಡುವಿಗೆ ಸ್ವಲ್ಪ ಮುಂಚೆ ಇಟ್ಟಿದ್ದರು.

"ಹೊಟ್ಟೆ ಸದ್ದು ಮಾಡುತ್ತೆ ಅಂತ ಬರೆದಿದ್ದೀರಿ. ಮಂಡಳಿಯ ಅನುಭವಕ್ಕೆ ಬಂದಿಲ್ಲವಲ್ಲ," ಎಂದರು ಅಧ್ಯಕ್ಷರು.

ಅಷ್ಟರಲ್ಲಿ ಅಧ್ಯಕ್ಷರ ಹೊಟ್ಟೆ ಗುರುಗುಟ್ಟಿತು. ಸಣ್ಣದಾಗಿ ಶುರುವಾಗಿ, ಸಾವಕಾಶವಾಗಿ ಏರಿ, ಒಂದು ಪ್ರಶ್ನೆ ಕೇಳಿದಂತೆ ನಿಂತಿತು. ಸದಸ್ಯರೆಲ್ಲ ತಲೆಯೆತ್ತಿ ಫ್ಯಾನನ್ನು ಪರಿಶೀಲಿಸಿದರು.

"ಕುರ್ಚಿ, ಸಾರ್," ಎಂದ ಗುಮಾಸ್ತ. "ತುಂಬ ಹಳೇದು."

ಕುರ್ಚಿ ಬದಲಾಯಿತು. ಹೊಸ ಕುರ್ಚಿಯೂ ಗುರುಗುಟ್ಟಿತು. ಮೆತ್ತೆಯದನ್ನು ತಂದರು, ಅದು ಇನ್ನೂ ಜೋರಾಗಿ ಗುರುಗುಟ್ಟಿತು. ಊಟದ ಹೊತ್ತು ಸಮೀಪಿಸಿದಾಗ ಎಲ್ಲ ನಮೂನೆಯ ಕುರ್ಚಿಗಳೂ ಸದ್ದು ಮಾಡುತ್ತವೆ ಎಂಬ ತೀರ್ಮಾನಕ್ಕೆ ಮಂಡಳಿ ಸರ್ವಾನುಮತದಿಂದ ಬಂದಿತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸಾರ್, ಅದು ತಮ್ಮ..."

"ನನ್ನದಲ್ಲ. ಕುರ್ಚಿ ಮಂಡಳಿಯ ಆಸ್ತಿ," ಎಂದರು ಅಧ್ಯಕ್ಷರು ವಿನಯದಿಂದ.

ಪಕ್ಕದ ಸದಸ್ಯೆ ದನಿ ತಗ್ಗಿಸಿದರು. "ಮೇಷ್ಟ್ರೇ, ಪುಸ್ತಕ ಬರಬೇಕೋ ಬೇಡವೋ? ಒಂದೇ ಒಂದು ಪದ ಬದಲಾಯಿಸಿ. ಪ್ರಯೋಗ ನಿಮ್ಮ ಕಣ್ಣೆದುರಿಗೇ ಆಗಿದೆಯಲ್ಲ."

ಮೇಷ್ಟ್ರಿಗೆ ಮೊಮ್ಮಗಳ ಮುಖ ನೆನಪಾಯಿತು. ಅವರು ‘ಹೊಟ್ಟೆ’ ಎಂಬುದನ್ನು ಹೊಡೆದುಹಾಕಿ ‘ಕುರ್ಚಿ’ ಎಂದು ಬರೆದರು. ಬರೆದ ಮೇಲೆ ನಾಚಿಕೆಯಾಯಿತು, ನಿಜ. ಆದರೆ ಅಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದರು.

ಪುಸ್ತಕ ಎಲ್ಲ ಶಾಲೆಗಳಿಗೂ ಹೋಯಿತು. ಹಿಂದೆಯೇ ಮಂಡಳಿಯ ಸುತ್ತೋಲೆಯೂ ಹೊರಟಿತು: "ವಿದ್ಯಾರ್ಥಿಯು ಹಸಿದಿರುವುದು ಕಂಡುಬಂದಲ್ಲಿ, ಶಿಕ್ಷಕರು ಸದರಿ ವಿದ್ಯಾರ್ಥಿಯ ಕುರ್ಚಿಗೆ ಕೂಡಲೇ ಎಣ್ಣೆ ಹಾಕತಕ್ಕದ್ದು." ಶಿಕ್ಷಕರು ಹಾಕಿದರು. ಮರದ ಕುರ್ಚಿಗೆ ಎಣ್ಣೆ ಎಲ್ಲಿಗೆ ಬಿಡಬೇಕೆಂದು ಒಬ್ಬರು ಕೇಳಿದರು. ಅವರನ್ನು ತರಬೇತಿಗೆ ಕಳಿಸಿದರು.

ಮೊಮ್ಮಗಳು ಪುಸ್ತಕ ತೆರೆದು ತನ್ನ ಸಾಲನ್ನು ಓದಿದಳು. "ತಾತ, ನಾನು ಹೊಟ್ಟೆ ಅಂದಿದ್ದೆ."

"ವಿಜ್ಞಾನ ಮುಂದುವರಿದಿದೆಯಮ್ಮ," ಎಂದರು ಮೇಷ್ಟ್ರು, ಅವಳ ಮುಖ ನೋಡದೆ.

ಅಂದು ಊಟಕ್ಕೆ ತಡವಾಯಿತು. ಮೇಷ್ಟ್ರು ಕೂತಲ್ಲೇ ಗುರ್ ಎಂದು ಸದ್ದಾಯಿತು.

"ಸ್ವಲ್ಪ ಏಳ್ರಿ," ಎಂದು ಹೆಂಡತಿ ಎಣ್ಣೆಯ ಬಾಟಲಿ ಹಿಡಿದು ಬಂದರು. ಮೇಷ್ಟ್ರು ಎದ್ದು ನಿಂತರು. ಮೊಮ್ಮಗಳು ಕುರ್ಚಿಯಿಂದಿಳಿದು ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಲ್ಲೂ ಗುರ್ ಎಂದಿತು.

"ತಾತ, ಈಗ ಕುರ್ಚಿ ಇಲ್ಲ. ಇದೇನು ಸದ್ದು?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು, ಬಾಟಲಿಯ ಕಡೆ ನೋಡಿದರು.

"ನೆಲದ ವಿಷಯ ಇನ್ನೂ ಮಂಡಳಿಯ ಮುಂದಿದೆ, ಮಗು," ಎಂದರು. "ಅಲ್ಲಿವರೆಗೂ ನಮಗೆ ಹಸಿವಿಲ್ಲ."